ಎಂಆರ್‌ಪಿ ಮೀರಿಲ್ಲ, ಆದರೂ ಬಿಲ್ಲು ಸರಿಯಿಲ್ಲ: ಆಸ್ಪತ್ರೆಯ ಔಷಧದ ಬೆಲೆ ಕುರಿತ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ತಾಯಿಯವರು ಶ್ವಾಸಕೋಶದ ಸೋಂಕಿನಿಂದ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಇದ್ದರು. ದಿನಕ್ಕೆ ಮೂರು ಬಾರಿ ಕೊಡುತ್ತಿದ್ದ ಆಂಟಿಬಯಾಟಿಕ್ ಇಂಜೆಕ್ಷನ್ನಿನ ಒಂದು ವಯಲ್‌ಗೆ 1,480 ರೂಪಾಯಿಯಂತೆ 27 ವಯಲ್‌ಗಳಿಗೆ 39,960 ರೂಪಾಯಿ ಬಿಲ್ ಆಯಿತು. ಮನೆಗೆ ಕರೆತಂದ ಮೇಲೆ ಇನ್ನೂ ಎರಡು ದಿನ ಅದೇ ಇಂಜೆಕ್ಷನ್ ಬೇಕಿತ್ತು. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಅದೇ ಔಷಧ, ಅದೇ ಪ್ರಮಾಣ, ಬೇರೆ ಕಂಪನಿಯದು ಸಿಕ್ಕಿತು. ಅದರ ಮೇಲೆ 1,350 ಎಂದು ಮುದ್ರಿಸಿದ್ದರೂ ಅಂಗಡಿಯವರು ನಾವು ಚೌಕಾಸಿ ಮಾಡುವ ಮೊದಲೇ 420 ರೂಪಾಯಿಗೆ ಕೊಟ್ಟರು. ಆಸ್ಪತ್ರೆಯವರು ನಮಗೆ ಮೋಸ ಮಾಡಿದ್ದಾರೆಂದು ನಾನು ಹೇಳಿದರೆ, ನನ್ನ ಅಣ್ಣ 'ಅವರು ಎಂಆರ್‌ಪಿಗಿಂತ ಒಂದು ಪೈಸೆಯನ್ನೂ ಹೆಚ್ಚು ತೆಗೆದುಕೊಂಡಿಲ್ಲ, ಅದು ವ್ಯಾಪಾರ' ಎನ್ನುತ್ತಾರೆ. ಇದು ಕಾನೂನುಬದ್ಧವೇ? ಕಾನೂನುಬದ್ಧವಾದರೆ ಇದನ್ನು ತಪ್ಪು ಎನ್ನಲು ನನಗೆ ಹಕ್ಕಿದೆಯೇ?

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಬಿಲ್ಲನ್ನು ಸಾಲುಸಾಲಾಗಿ ನೋಡಿದೆ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ತೆರಿಗೆಯ ವಿವರ ಎಲ್ಲವೂ ಇದೆ. ಆ ಇಂಜೆಕ್ಷನ್ನಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆದಿಲ್ಲ. ಕಾನೂನಿನ ಮಟ್ಟಿಗೆ ನಿಮ್ಮ ಅಣ್ಣನ ಮಾತು ಸರಿ. ಇದನ್ನು ಮೋಸ ಎಂದು ಗ್ರಾಹಕ ಆಯೋಗದ ಮುಂದೆ ಸಾಬೀತುಪಡಿಸಲು ಈ ಬಿಲ್ಲೊಂದೇ ಸಾಲದು. ಆದರೆ ಇದು ತಪ್ಪು ಎನ್ನುವ ಹಕ್ಕು ನಿಮಗೆ ಖಂಡಿತ ಇದೆ. ಏಕೆ ಇದೆ ಎಂಬುದನ್ನು ಹೇಳಬೇಕಾದರೆ ಆ 1,480 ಎಂಬ ಸಂಖ್ಯೆ ಪೆಟ್ಟಿಗೆಯ ಮೇಲೆ ಹೇಗೆ ಬಂತು ಎಂಬುದರಿಂದಲೇ ಆರಂಭಿಸಬೇಕು.

ನಿಮ್ಮ ಅಣ್ಣನ ಮಾತಿನೊಳಗೆ ಒಂದು ನಂಬಿಕೆ ಇದೆ: ಎಂಆರ್‌ಪಿ ಎಂದರೆ ಯಾರೋ ಲೆಕ್ಕ ಹಾಕಿ, ಯಾರೋ ಪರಿಶೀಲಿಸಿ ಒಪ್ಪಿದ ಬೆಲೆ ಎಂಬ ನಂಬಿಕೆ. ನಮ್ಮಲ್ಲಿ ಬಹುತೇಕರು ಹೀಗೆಯೇ ನಂಬಿದ್ದಾರೆ. ವಾಸ್ತವದಲ್ಲಿ ಗರಿಷ್ಠ ಮಾರಾಟ ಬೆಲೆಯ ನಿಯಮ ಹುಟ್ಟಿದ್ದು ಬೇರೆಯೇ ಒಂದು ಕಾಟವನ್ನು ತಪ್ಪಿಸಲು. 1990ಕ್ಕೆ ಮೊದಲು ಪೊಟ್ಟಣದ ಮೇಲೆ ಬೆಲೆ ಬರೆದು 'ಸ್ಥಳೀಯ ತೆರಿಗೆ ಪ್ರತ್ಯೇಕ' ಎಂದು ಸೇರಿಸಲು ಅವಕಾಶವಿತ್ತು, ಆ ತೆರಿಗೆಯ ಹೆಸರಿನಲ್ಲಿ ಅಂಗಡಿಯವರು ಮನಸ್ಸಿಗೆ ಬಂದಷ್ಟು ಸೇರಿಸುತ್ತಿದ್ದರು. ಅದನ್ನು ನಿಲ್ಲಿಸಲು 'ಎಲ್ಲ ತೆರಿಗೆಗಳೂ ಸೇರಿ ಗರಿಷ್ಠ ಬೆಲೆ' ಎಂಬ ಮುದ್ರಣವನ್ನು ಕಡ್ಡಾಯ ಮಾಡಲಾಯಿತು. ಹೀಗೆ ಮುದ್ರಿಸಿದ್ದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬುದಷ್ಟೇ ನಿಯಮ. ಎಷ್ಟು ಮುದ್ರಿಸಬೇಕು ಎಂಬುದನ್ನು ಅದು ತಯಾರಕರಿಗೇ ಬಿಟ್ಟಿದೆ. ಸೋಪಿನಲ್ಲೋ ಬಿಸ್ಕತ್ತಿನಲ್ಲೋ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಬೆಲೆ ಹೆಚ್ಚು ಮುದ್ರಿಸಿದ ಸೋಪನ್ನು ನಾವು ಶೆಲ್ಫಿನಲ್ಲೇ ಬಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತೇವೆ.

ಔಷಧಕ್ಕೆ ಪ್ರತ್ಯೇಕ ಕಾನೂನು ಇದೆ. ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ 2013ರ ಔಷಧ ಬೆಲೆ ನಿಯಂತ್ರಣ ಆದೇಶವನ್ನು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಜಾರಿಗೊಳಿಸುತ್ತದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಈ ಆದೇಶದ ಅನುಸೂಚಿಗೆ ಸೇರಿದ ಔಷಧಗಳಿಗೆ ಪ್ರಾಧಿಕಾರವೇ ಮಿತಿ ಬೆಲೆ ಗೊತ್ತುಪಡಿಸುತ್ತದೆ. ಆ ಮಿತಿ ಬರುವ ಬಗೆಯನ್ನು ಗಮನಿಸಿ. 1995ರ ಹಳೆಯ ಆದೇಶದಲ್ಲಿ 74 ಮೂಲ ಔಷಧಗಳಿಂದ ತಯಾರಾದವುಗಳಿಗೆ ತಯಾರಿಕಾ ವೆಚ್ಚವನ್ನು ಲೆಕ್ಕ ಹಾಕಿ, ಅದರ ಮೇಲೆ ಇಷ್ಟು ಪ್ರತಿಶತ ಎಂದು ಬೆಲೆ ಕಟ್ಟುತ್ತಿದ್ದರು. 2013ರ ಆದೇಶ ವೆಚ್ಚದ ಲೆಕ್ಕವನ್ನೇ ಬಿಟ್ಟಿತು. ಮಾರುಕಟ್ಟೆಯಲ್ಲಿ ಶೇ 1 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವ ಬ್ರ್ಯಾಂಡ್‌ಗಳು ಚಿಲ್ಲರೆ ಅಂಗಡಿಗೆ ಮಾರುವ ಬೆಲೆಗಳ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಶೇ 16 ಲಾಭ ಸೇರಿಸಿದರೆ ಮಿತಿ ಬೆಲೆ ಸಿದ್ಧ. ಅಂದರೆ ಈಗಾಗಲೇ ಏರಿಸಿಕೊಂಡಿರುವ ಬೆಲೆಗಳ ಸರಾಸರಿಯೇ ಮಿತಿಯಾಗುತ್ತದೆ. ಅನುಸೂಚಿಯ ಹೊರಗಿರುವ ಔಷಧಗಳ ವಿಷಯದಲ್ಲಿ ಇಷ್ಟೂ ಇಲ್ಲ. ಮೊದಲ ಬಾರಿ ಮಾರುಕಟ್ಟೆಗೆ ಬಿಡುವಾಗ ಕಂಪನಿ ತನಗೆ ಬೇಕಾದ ಬೆಲೆಯನ್ನು ಮುದ್ರಿಸಬಹುದು, ಆಮೇಲೆ ಹನ್ನೆರಡು ತಿಂಗಳಿಗೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು. ಮಾರಾಟದ ಮೌಲ್ಯದಲ್ಲಿ ನೋಡಿದರೆ ಔಷಧ ಮಾರುಕಟ್ಟೆಯ ಬಹುಭಾಗ ಈ ಎರಡನೆಯ ಗುಂಪಿನಲ್ಲೇ ಇದೆ.

ಈಗ ನಿಮ್ಮ ಬಡಾವಣೆಯ ಅಂಗಡಿಯವರ ವಿಷಯಕ್ಕೆ ಬರೋಣ. 1,350 ರೂಪಾಯಿಯ ವಯಲ್ಲನ್ನು ಅವರು 420ಕ್ಕೆ ಕೊಟ್ಟು ನಷ್ಟ ಮಾಡಿಕೊಳ್ಳಲಿಲ್ಲ. ಅವರು ಒಳ್ಳೆಯವರಿರಬಹುದು, ಆದರೆ ಆ 420ರಲ್ಲೂ ಅವರ ಲಾಭವಿತ್ತು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಗ್ರಾಹಕರ ಪರವಾಗಿ ಸಲಹೆ ನೀಡುವ ಕೆಲಸಕ್ಕೆ ಬರುವ ಮೊದಲು ಇಪ್ಪತ್ತೆರಡು ವರ್ಷ ನಾನು ಹುಬ್ಬಳ್ಳಿಯಲ್ಲಿ ಔಷಧಗಳ ಸಗಟು ವ್ಯಾಪಾರದಲ್ಲಿದ್ದೆ. ನಮ್ಮ ಕಡೆ ಮಾಲು ಎರಡು ಬಗೆ. ಕಂಪನಿಯ ಪ್ರತಿನಿಧಿಗಳು ವೈದ್ಯರನ್ನು ಕಂಡು ಬರೆಸುವುದಕ್ಕೆ 'ಎಥಿಕಲ್' ಎನ್ನುತ್ತೇವೆ. ವೈದ್ಯರ ಹತ್ತಿರ ಹೋಗದೆ ನೇರವಾಗಿ ಸಗಟುದಾರರು, ಅಂಗಡಿಗಳು, ಆಸ್ಪತ್ರೆಗಳಿಗೆ ಬರುವುದಕ್ಕೆ 'ಜೆನೆರಿಕ್' ಎನ್ನುತ್ತೇವೆ, ಅದರ ಮೇಲೂ ಬ್ರ್ಯಾಂಡ್ ಹೆಸರು ಇದ್ದೇ ಇರುತ್ತದೆ. ಎರಡನೆಯ ಬಗೆಯ ಬೆಲೆಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಎಂಆರ್‌ಪಿಯನ್ನು ಮತ್ತೆ ಹಳೆಯ ಕಣ್ಣಿನಿಂದ ನೋಡಲಾರರು. ಎಡಗಡೆ ಔಷಧದ ಹೆಸರು, ಪಕ್ಕದಲ್ಲಿ ಪ್ಯಾಕಿಂಗ್, ಆಮೇಲೆ ಎರಡು ಕಾಲಂ. ಒಂದರಲ್ಲಿ ಎಂಆರ್‌ಪಿ, ಇನ್ನೊಂದರಲ್ಲಿ ನೆಟ್ ರೇಟ್, ಅಂದರೆ ಅಂಗಡಿಯವರೋ ಆಸ್ಪತ್ರೆಯವರೋ ಆ ಮಾಲಿಗೆ ನಿಜವಾಗಿ ಕೊಡುವ ಬೆಲೆ. ಹತ್ತು ಮಾತ್ರೆಯ ಒಂದು ಸ್ಟ್ರಿಪ್ಪಿಗೆ ಮೊದಲ ಕಾಲಮ್ಮಿನಲ್ಲಿ 60 ಎಂದಿದ್ದರೆ ಎರಡನೆಯದರಲ್ಲಿ 9 ಎಂದಿರುವ ಸಾಲುಗಳನ್ನು ನಾನು ದಿನವೂ ನೋಡಿದ್ದೇನೆ, ಮಾರಿದ್ದೇನೆ. ಅದರ ಮೇಲೆ ಹತ್ತಕ್ಕೆ ಎರಡು, ಹತ್ತಕ್ಕೆ ಮೂರು ಉಚಿತ ಎಂಬ ಸ್ಕೀಮ್ ಬೇರೆ.

ಈ ಪಟ್ಟಿ ಹಿಡಿದುಕೊಂಡು ಬರುವ ಪ್ರತಿನಿಧಿ ನನ್ನ ಮುಂದೆ ಕುಳಿತು ತನ್ನ ಮಾಲನ್ನು ಹೊಗಳುತ್ತಿದ್ದ ಮಾತು ಇದು: 'ಸರ್, ನಮ್ಮದರಲ್ಲಿ ಎಂಆರ್‌ಪಿ ಚೆನ್ನಾಗಿದೆ.' ಚೆನ್ನಾಗಿದೆ ಎಂದರೆ ಹೆಚ್ಚಾಗಿದೆ ಎಂದರ್ಥ. ಒಂದು ವರ್ಷ ಒಂದು ಸಣ್ಣ ಕಂಪನಿಯವರು ಸಕ್ಕರೆ ಕಾಯಿಲೆಯ ಮಾತ್ರೆಯೊಂದನ್ನು ಬಹಳ ಕಡಿಮೆ ಎಂಆರ್‌ಪಿ ಮುದ್ರಿಸಿ ತಂದರು. ಅದರ ನೆಟ್ ರೇಟ್ ಇತರರದ್ದಕ್ಕೆ ಸರಿಸಮ, ಪರೀಕ್ಷಾ ವರದಿಯೂ ಸರಿಯಾಗಿತ್ತು. ರೋಗಿಗೆ ಅನುಕೂಲವಾಗಲಿ ಎಂದು ನಾನು ಇಪ್ಪತ್ತು ಪೆಟ್ಟಿಗೆ ತರಿಸಿದೆ. ಒಂದೊಂದೇ ಅಂಗಡಿಯವರು ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯ ಬೆಲೆ ನೋಡಿ ಹಿಂದಕ್ಕೆ ಕೊಟ್ಟರು. 'ಇದನ್ನು ಮಾರಿದರೆ ನಮಗೇನು ಉಳೀತದ?' ಎಂಬುದು ಅವರ ಪ್ರಶ್ನೆ. ಬಾಡಿಗೆ, ಫಾರ್ಮಸಿಸ್ಟರ ಸಂಬಳ ಲೆಕ್ಕ ಹಾಕಿದರೆ ಅವರು ಕೇಳಿದ್ದರಲ್ಲೂ ಅರ್ಥವಿತ್ತು. ಹದಿನೆಂಟು ಪೆಟ್ಟಿಗೆಗಳು ಧೂಳು ಹಿಡಿದು, ಅವಧಿ ಹತ್ತಿರ ಬಂದಾಗ ವಾಪಸು ಹೋದವು. ಮರುವರ್ಷ ಅದೇ ಮಾತ್ರೆ ಅದೇ ಕಂಪನಿಯಿಂದ ಹೊಸ ಹೆಸರಿನಲ್ಲಿ, ಎರಡೂವರೆ ಪಟ್ಟು ಎಂಆರ್‌ಪಿಯೊಂದಿಗೆ ಬಂತು. ಬಂದ ತಿಂಗಳಲ್ಲೇ ಖಾಲಿಯಾಯಿತು.

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಪೈಪೋಟಿ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ ಎಂದು ನಾವು ಓದಿದ್ದೇವೆ, ಬಹಳಷ್ಟು ಸರಕುಗಳಲ್ಲಿ ಅದು ನಿಜವೂ ಹೌದು. ಇಲ್ಲಿಯೂ ಪೈಪೋಟಿ ಇದೆ, ತೀವ್ರವಾಗಿಯೇ ಇದೆ. ಆದರೆ ಅದು ಕಡಿಮೆ ನೆಟ್ ರೇಟ್ ಮತ್ತು ಹೆಚ್ಚು ಎಂಆರ್‌ಪಿಗಾಗಿ, ಎಂದರೆ ಆ ಎರಡು ಕಾಲಂಗಳ ನಡುವಿನ ಅಂತರಕ್ಕಾಗಿ ನಡೆಯುವ ಪೈಪೋಟಿ. ಕಂಪನಿ ಅಂಗಡಿಗೋ ಆಸ್ಪತ್ರೆಗೋ ನಿಜವಾಗಿ ಮಾರುತ್ತಿರುವುದು ಆ ಅಂತರವನ್ನು, ಔಷಧವು ಆ ಅಂತರವನ್ನು ಹೊತ್ತು ತರುವ ಗಾಡಿ. ಹೀಗಾಗುವುದಕ್ಕೆ ಕಾರಣ ಒಂದೇ: ಆರಿಸುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ನಿಮ್ಮ ತಾಯಿಗೆ ಯಾವ ಬ್ರ್ಯಾಂಡ್ ಕೊಡಬೇಕೆಂದು ನಿಶ್ಚಯಿಸಿದ್ದು ಆಸ್ಪತ್ರೆ, 1,480 ಕೊಟ್ಟದ್ದು ನೀವು. ಇದರ ಜೊತೆಗೆ ಔಷಧ ನಿಯಮಗಳ 65ನೇ ನಿಯಮವೂ ಇದೆ. ವೈದ್ಯರು ಬರೆದ ಔಷಧಕ್ಕೆ ಬದಲಾಗಿ ಅದೇ ಮೂಲದ್ರವ್ಯದ ಬೇರೆ ಬ್ರ್ಯಾಂಡನ್ನು ಅಂಗಡಿಯವರು ತಾವಾಗಿಯೇ ಕೊಡುವಂತಿಲ್ಲ. ರೋಗಿಯ ಸುರಕ್ಷತೆಗಾಗಿ ಮಾಡಿದ ಈ ನಿಯಮದಿಂದಾಗಿ, ಅಗ್ಗದ್ದನ್ನು ಆರಿಸುವ ಕೊನೆಯ ಬಾಗಿಲೂ ರೋಗಿಯ ಪಾಲಿಗೆ ಅರ್ಧ ಮುಚ್ಚಿದೆ. ಹೆಚ್ಚಿನ ಬೆಲೆಯಿಂದ ಕಾಯಲೆಂದು ಹಾಕಿದ ಎಂಆರ್‌ಪಿಯ ವಿಷಯದಲ್ಲಂತೂ ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದೆ.

ಆಸ್ಪತ್ರೆಯ ಒಳಗೆ ಇದು ಇನ್ನೂ ಕಠಿಣ. ಅಂಗಡಿಯ ಮುಂದೆ ನಿಂತವರು ಪಕ್ಕದ ಅಂಗಡಿಗೆ ನಡೆಯಬಹುದು. ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನರ್ಸ್ ಕೊಟ್ಟ ಚೀಟಿ ಹಿಡಿದು ಓಡುವವರಿಗೆ ಕೆಳಮಹಡಿಯ ಒಂದೇ ಕೌಂಟರು. 2017ರಲ್ಲಿ ಗುರುಗ್ರಾಮದಲ್ಲಿ ಡೆಂಗಿಯಿಂದ ತೀರಿಕೊಂಡ ಏಳು ವರ್ಷದ ಹುಡುಗಿಯ ತಂದೆತಾಯಿಗೆ ಬಂದ ಸುಮಾರು 16 ಲಕ್ಷ ರೂಪಾಯಿಯ ಬಿಲ್ಲು ದೇಶದಾದ್ಯಂತ ಸುದ್ದಿಯಾಯಿತು. ಅದರ ಬೆನ್ನಿಗೇ ಎನ್‌ಪಿಪಿಎ ದೆಹಲಿ ಮತ್ತು ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ತರಿಸಿ ಪರಿಶೀಲಿಸಿತು. 2018ರ ಫೆಬ್ರವರಿಯಲ್ಲಿ ಅದು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಔಷಧ ಹಾಗೂ ಬಳಸಿ ಎಸೆಯುವ ಸಾಮಗ್ರಿಗಳಲ್ಲಿ ಕೆಲವಕ್ಕೆ ಆಸ್ಪತ್ರೆಗಳ ಲಾಭ ಕೊಂಡ ಬೆಲೆಯ ಮೇಲೆ ಶೇ 1,700ನ್ನೂ ದಾಟಿತ್ತು. ಬೆಲೆ ನಿಯಂತ್ರಣದಲ್ಲಿರುವ ಔಷಧಗಳ ಪಾಲು ಒಟ್ಟು ಬಿಲ್ಲಿನಲ್ಲಿ ಕೇವಲ ಶೇ 4ರಷ್ಟಿದ್ದರೆ, ನಿಯಂತ್ರಣದ ಹೊರಗಿನವುಗಳ ಪಾಲು ಕಾಲು ಭಾಗದಷ್ಟಿತ್ತು. ಈ ಲಾಭದಲ್ಲಿ ಹೆಚ್ಚಿನದು ಹೋದದ್ದು ತಯಾರಕರಿಗಲ್ಲ, ಆಸ್ಪತ್ರೆಗಳಿಗೆ ಎಂಬುದನ್ನೂ ಪ್ರಾಧಿಕಾರ ಸ್ಪಷ್ಟವಾಗಿ ಹೇಳಿತು. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಆಸ್ಪತ್ರೆಗೆ ಬೇಕೆಂದು ತಯಾರಕರು ಎಂಆರ್‌ಪಿಯನ್ನೇ ಏರಿಸಿ ಮುದ್ರಿಸುತ್ತಿದ್ದರು. ಆದ್ದರಿಂದ ಎಂಆರ್‌ಪಿ ಮೀರುವ ಅಗತ್ಯವೇ ಆಸ್ಪತ್ರೆಗಳಿಗೆ ಬೀಳುತ್ತಿರಲಿಲ್ಲ.

ಇದಕ್ಕೂ ಮೊದಲು, 2015ರಲ್ಲಿ, ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಒಂದು ಸಿರಿಂಜಿನ ದೂರು ಬಂದಿತ್ತು. ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಫಾರ್ಮಸಿಯಲ್ಲಿ 19.50 ರೂಪಾಯಿಗೆ ಕೊಂಡ ಸಿರಿಂಜ್ ಹೊರಗಿನ ಅಂಗಡಿಯಲ್ಲೂ ಸಿಕ್ಕಿತು. ಕಂಪನಿ ಅದೇ, ಸಿರಿಂಜ್ ಅದೇ, ಆದರೆ ಹೊರಗಿನದರ ಮೇಲೆ ಮುದ್ರಿಸಿದ್ದ ಎಂಆರ್‌ಪಿ 11.50. ಎಂಟು ರೂಪಾಯಿಗಾಗಿ ಆಯೋಗದವರೆಗೆ ಹೋದ ಆ ದೂರುದಾರರ ಬಗ್ಗೆ ನನಗೆ ತುಂಬ ಗೌರವವಿದೆ, ಏಕೆಂದರೆ ಒಂದೇ ವಸ್ತುವಿಗೆ ಎರಡು ಎಂಆರ್‌ಪಿ ಎಂಬ ರೂಢಿ ಹೀಗೆ ದಾಖಲೆಗೆ ಬಂತು. 2018ರ ಜನವರಿ 1ರಿಂದ ಜಾರಿಗೆ ಬಂದ, ಪೊಟ್ಟಣಗಳ ಮೇಲಿನ ಮುದ್ರಣಕ್ಕೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರ ನಿಯಮಗಳ ತಿದ್ದುಪಡಿ, ಒಂದೇ ಬಗೆಯ ಪೊಟ್ಟಣಕ್ಕೆ ಬೇರೆ ಬೇರೆ ಎಂಆರ್‌ಪಿ ಮುದ್ರಿಸುವುದನ್ನು ನಿಷೇಧಿಸಿತು. ವ್ಯಾಪಾರ ಇದಕ್ಕೂ ದಾರಿ ಕಂಡುಕೊಂಡಿದೆ. ಅದೇ ಕಂಪನಿ ಅದೇ ಮೂಲದ್ರವ್ಯವನ್ನು ಬೇರೆ ಹೆಸರಿಟ್ಟು, ಆಸ್ಪತ್ರೆಗಳಿಗೆಂದೇ ಹೊರತಂದರೆ ಅದು ಕಾನೂನಿನ ಕಣ್ಣಿಗೆ ಬೇರೆಯೇ ವಸ್ತು. ನಿಮ್ಮ ಬಿಲ್ಲಿನಲ್ಲಿರುವ ಬ್ರ್ಯಾಂಡ್ ಹೆಸರನ್ನು ನಿಮ್ಮೂರಿನ ನಾಲ್ಕು ಅಂಗಡಿಗಳಲ್ಲಿ ಕೇಳಿ ನೋಡಿ. ಎಲ್ಲಿಯೂ ಸಿಗದಿದ್ದರೆ ಕಾರಣ ಇದಾಗಿರಬಹುದು. ಹೊರಗೆ ಸಿಗದ ಹೆಸರಿಗೆ ಹೊರಗಿನ ಬೆಲೆಯ ಹೋಲಿಕೆಯೂ ಇರುವುದಿಲ್ಲ.

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳುವುದು ಉಪಯುಕ್ತ, ಏಕೆಂದರೆ ಕಾನೂನು ಎಲ್ಲಿ ಗೆರೆ ಎಳೆಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಶ್ಕ್ರೆಲಿ ಎಂಬಾತನ ಕಂಪನಿ ಡಾರಾಪ್ರಿಮ್ ಎಂಬ ಹಳೆಯ ಔಷಧದ ಹಕ್ಕು ಕೊಂಡು, ಮಾತ್ರೆಯೊಂದರ ಬೆಲೆಯನ್ನು 13.50 ಡಾಲರಿನಿಂದ 750 ಡಾಲರಿಗೆ ಏರಿಸಿತು. ಆತ ಜೈಲಿಗೆ ಹೋದದ್ದು ಇದಕ್ಕಾಗಿ ಎಂದು ಅನೇಕರು ಭಾವಿಸಿದ್ದಾರೆ. ಆತನಿಗೆ ಶಿಕ್ಷೆಯಾದದ್ದು ಹೂಡಿಕೆದಾರರಿಗೆ ಮಾಡಿದ ವಂಚನೆಗಾಗಿ. 2022ರಲ್ಲಿ ನ್ಯಾಯಾಲಯ ಆತನನ್ನು ಔಷಧ ಉದ್ಯಮದಿಂದ ಜೀವಮಾನಪೂರ್ತಿ ಹೊರಗಿಟ್ಟದ್ದು, ಬೇರೆಯವರು ಅದೇ ಔಷಧ ತಯಾರಿಸದಂತೆ ತಡೆದದ್ದಕ್ಕಾಗಿ. ಬೆಲೆಯನ್ನು ಐವತ್ತಕ್ಕೂ ಹೆಚ್ಚು ಪಟ್ಟು ಏರಿಸಿದ ಕೃತ್ಯ ಅಪರಾಧವಾಗಲೇ ಇಲ್ಲ. ಅಲ್ಲಿ ಆ ಔಷಧಕ್ಕೆ ತಯಾರಕ ಒಬ್ಬನೇ ಇದ್ದ. ನಮ್ಮಲ್ಲಿ ಒಂದೇ ಆಂಟಿಬಯಾಟಿಕ್ಕನ್ನು ಹತ್ತಾರು ಕಂಪನಿಗಳು ತಯಾರಿಸುತ್ತಿದ್ದರೂ ರೋಗಿ ಕೊಡುವ ಬೆಲೆ ಇಳಿಯುತ್ತಿಲ್ಲ. ಆದ್ದರಿಂದ 'ಇನ್ನಷ್ಟು ಕಂಪನಿಗಳು ಬಂದರೆ ಎಲ್ಲ ಸರಿಹೋಗುತ್ತದೆ' ಎಂಬ ಪರಿಹಾರ ನಮ್ಮ ಕಾಯಿಲೆಗೆ ಸಲ್ಲುವುದಿಲ್ಲ.

ಆಸ್ಪತ್ರೆಯವರ ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಬೇಕು, ಅದು ಹಗುರವಾದದ್ದಲ್ಲ. ಅವರು ಹೇಳುವುದು ಹೀಗೆ: ದಿನದ ಇಪ್ಪತ್ತನಾಲ್ಕು ಗಂಟೆ ಫಾರ್ಮಸಿ ತೆರೆದಿರಬೇಕು, ಅಪರೂಪಕ್ಕೆ ಬೇಕಾಗುವ ಔಷಧಗಳನ್ನೂ ಇಟ್ಟಿರಬೇಕು, ಅವಧಿ ಮೀರಿದ್ದನ್ನು ಎಸೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳ ಪ್ಯಾಕೇಜ್ ದರ, ಅಂದರೆ ಔಷಧವೂ ಸೇರಿ ಇಡೀ ಚಿಕಿತ್ಸೆಗೆ ಗೊತ್ತುಪಡಿಸಿದ ಒಂದೇ ಮೊತ್ತ, ಸಾಲುವುದಿಲ್ಲ, ವಿಮಾ ಕಂಪನಿಗಳು ಪ್ರತಿ ಬಾರಿಯೂ ಚೌಕಾಸಿ ಮಾಡುತ್ತವೆ. ಹಾಸಿಗೆಯ ಬಾಡಿಗೆಯನ್ನೂ ವೈದ್ಯರ ಶುಲ್ಕವನ್ನೂ ನಿಜವಾದ ವೆಚ್ಚಕ್ಕೆ ತಕ್ಕಂತೆ ಬರೆದರೆ ರೋಗಿಗಳು ಬಾಗಿಲಿಗೇ ಬರುವುದಿಲ್ಲ. ಆದ್ದರಿಂದ ಫಾರ್ಮಸಿಯ ಲಾಭದಿಂದ ಆಸ್ಪತ್ರೆ ನಡೆಯುತ್ತದೆ. ಸಣ್ಣ ಊರುಗಳಲ್ಲಿ ಇಪ್ಪತ್ತು, ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಎಷ್ಟೋ ವೈದ್ಯರನ್ನು ನಾನು ಹತ್ತಿರದಿಂದ ಬಲ್ಲೆ, ಅವರ ಪಾಲಿಗೆ ಈ ಮಾತು ಸುಳ್ಳಲ್ಲ.

ಆದರೂ ನಾನು ಇದನ್ನು ಒಪ್ಪಲಾರೆ. ಹಾಸಿಗೆಯ ಖರ್ಚು ಹೆಚ್ಚಾಗಿದ್ದರೆ ಅದನ್ನು ಹಾಸಿಗೆಯ ಸಾಲಿನಲ್ಲೇ ಬರೆಯಬೇಕು. ಹಾಗೆ ಬರೆದಾಗ, ದಾಖಲಾಗುವ ಮುನ್ನ ಎರಡು ಆಸ್ಪತ್ರೆಗಳಲ್ಲಿ ವಿಚಾರಿಸಿ ಹೋಲಿಸಲು ಬರುತ್ತದೆ. ಆಂಟಿಬಯಾಟಿಕ್ ವಯಲ್ಲಿನ ಬೆಲೆಯನ್ನು ದಾಖಲಾಗುವ ಮೊದಲು ಯಾರು ಕೇಳುತ್ತಾರೆ, ಯಾವುದು ಎಷ್ಟು ಬೇಕಾಗುತ್ತದೆಂದು ಯಾರಿಗೆ ಗೊತ್ತಿರುತ್ತದೆ? ಹೋಲಿಸಲಾಗದ ಸಾಲಿಗೆ ಖರ್ಚನ್ನು ತಳ್ಳುವುದು ಎಂದರೆ ಜನರು ನೋಡದ ಕಡೆ ಕೈ ಹಾಕುವುದೇ. ಇನ್ನೊಂದು ಮಾತನ್ನು ಹೇಳಲೇಬೇಕು. ಈ ಬಗೆಯ ವಸೂಲಿಯ ಭಾರ ಕಾಯಿಲೆಯ ತೀವ್ರತೆಗೆ ತಕ್ಕಂತೆ ಬೀಳುತ್ತದೆ. ಮೂರು ದಿನದಲ್ಲಿ ಚೇತರಿಸಿಕೊಂಡವರು ಒಂಬತ್ತು ವಯಲ್‌ಗಳ ಮೇಲೆ ಆಸ್ಪತ್ರೆಯ ಕಟ್ಟಡಕ್ಕೂ ವಿದ್ಯುತ್ತಿಗೂ ಕೊಟ್ಟರೆ, ನಿಮ್ಮ ತಾಯಿಯಂತೆ ಒಂಬತ್ತು ದಿನ ಮಲಗಿದವರು ಇಪ್ಪತ್ತೇಳರ ಮೇಲೆ ಕೊಡುತ್ತಾರೆ. ಹೆಚ್ಚು ನರಳಿದವರು ಹೆಚ್ಚು ತೆರುವಂಥ ತೆರಿಗೆಯನ್ನು ಯಾವ ಸರಕಾರವೂ ಬಹಿರಂಗವಾಗಿ ಹಾಕಲಾರದು. ಪ್ಯಾಕೇಜ್ ಯೋಜನೆಯಡಿ ದಾಖಲಾದ ರೋಗಿಯ ವಿಷಯದಲ್ಲಿ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಅಲ್ಲಿ ಔಷಧದ ಖರ್ಚು ಆಸ್ಪತ್ರೆಯದೇ ಆದ್ದರಿಂದ ಆಸ್ಪತ್ರೆಗೆ ಕಡಿಮೆ ನೆಟ್ ರೇಟಿನ ಮಾಲೇ ಬೇಕು, ಎಂಆರ್‌ಪಿ ಎಷ್ಟಿದ್ದರೂ ಅದಕ್ಕೆ ಸಂಬಂಧವಿಲ್ಲ. ಔಷಧದ ನಿಜವಾದ ಬೆಲೆ ಆಸ್ಪತ್ರೆಗೆ ಗೊತ್ತಿಲ್ಲದ್ದೇನೂ ಅಲ್ಲ.

ಇದನ್ನು ಕಾನೂನಿನಿಂದ ಸರಿಪಡಿಸಲು ಆಗದೇ? ಮನಸ್ಸು ಮಾಡಿದಾಗ ಆಗಿದೆ. ಹೃದಯದ ಸ್ಟೆಂಟಿನ, ಅಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆಯ, ಪೆಟ್ಟಿಗೆಯ ಮೇಲೆ ಬೆಲೆಯೇ ಇಲ್ಲದ್ದನ್ನು ಕಂಡ ದೆಹಲಿಯ ಒಬ್ಬ ವಕೀಲರು ಹೈಕೋರ್ಟಿಗೆ ಹೋದದ್ದರಿಂದ ಆರಂಭವಾದ ಪ್ರಕ್ರಿಯೆಯ ಕೊನೆಯಲ್ಲಿ, ಸ್ಟೆಂಟುಗಳು 2016ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿದವು. 2017ರ ಫೆಬ್ರವರಿಯಲ್ಲಿ ಎನ್‌ಪಿಪಿಎ ಔಷಧ ಲೇಪಿತ ಸ್ಟೆಂಟಿಗೆ 29,600, ಲೇಪನವಿಲ್ಲದ್ದಕ್ಕೆ 7,260 ರೂಪಾಯಿ ಎಂದು ಮಿತಿ ಹಾಕಿತು. ಅದಕ್ಕೆ ಹಿಂದಿನ ವಾರದವರೆಗೂ ಲೇಪಿತ ಸ್ಟೆಂಟಿಗೆ ರೋಗಿಗಳು ಲಕ್ಷ ರೂಪಾಯಿ ಮೀರಿ ಕೊಡುತ್ತಿದ್ದರು. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಕೆಲವು ಮಾದರಿಗಳನ್ನು ಹಿಂಪಡೆಯಲು ಅನುಮತಿ ಕೇಳಿದ್ದು ನಿಜ, ಆದರೆ ಆಂಜಿಯೋಪ್ಲಾಸ್ಟಿ ನಿಲ್ಲಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲುಗಳಿಗೂ ಮಿತಿ ಬಂತು. 2019ರ ಫೆಬ್ರವರಿಯಲ್ಲಿ ಅನುಸೂಚಿಯ ಹೊರಗಿದ್ದ 42 ಕ್ಯಾನ್ಸರ್ ಔಷಧಗಳಿಗೆ ಬೇರೆ ವಿಧಾನ ಅನುಸರಿಸಿದರು. ತಯಾರಕರ ಬೆಲೆಯನ್ನು ಮುಟ್ಟದೆ, ಮಧ್ಯದ ವ್ಯಾಪಾರದ ಲಾಭ ಶೇ 30 ಮೀರಬಾರದು ಎಂದರು. ಅಷ್ಟರಿಂದಲೇ ಕೆಲವು ಬ್ರ್ಯಾಂಡ್‌ಗಳ ಎಂಆರ್‌ಪಿ ಶೇ 80ಕ್ಕೂ ಹೆಚ್ಚು ಇಳಿಯಿತು. ತಯಾರಕರಿಗೆ ಹಿಂದಿನಷ್ಟೇ ಹಣ, ರೋಗಿಗೆ ಐದನೇ ಒಂದು ಭಾಗಕ್ಕಿಂತ ಕಡಿಮೆ ಖರ್ಚು. ನನ್ನ ದೃಷ್ಟಿಯಲ್ಲಿ ಇದು ಎಲ್ಲ ಔಷಧಗಳಿಗೂ ಹೊಂದುವ, ಅತ್ಯಂತ ಕಡಿಮೆ ಹಾನಿಯ ದಾರಿ. ಆಸ್ಪತ್ರೆಗೆ ಶೇ 30 ಸಾಲದಿದ್ದರೆ 40 ಇರಲಿ, 50 ಇರಲಿ. ಗೊತ್ತಾದ ಒಂದು ಮಿತಿ ಇದ್ದರೆ ಎಂಆರ್‌ಪಿ ಏರಿಸಿ ಗಿರಾಕಿ ಹಿಡಿಯುವ ಪೈಪೋಟಿಗೆ ಕಾರಣವೇ ಉಳಿಯುವುದಿಲ್ಲ.

ನ್ಯಾಯಾಲಯದಿಂದ ಹೆಚ್ಚು ನಿರೀಕ್ಷಿಸಬೇಡಿ. ಒಳರೋಗಿಗಳು ಆಸ್ಪತ್ರೆಯ ಫಾರ್ಮಸಿಯಲ್ಲೇ ಕೊಳ್ಳುವಂತೆ ಒತ್ತಾಯಿಸುವುದನ್ನು ಪ್ರಶ್ನಿಸಿ 2018ರಲ್ಲಿ ಸಲ್ಲಿಕೆಯಾದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್ 4ರಂದು ಇತ್ಯರ್ಥಪಡಿಸಿತು. ಸಮಸ್ಯೆಯನ್ನು ಗಂಭೀರವಾಗಿ ಪರಿಗಣಿಸಿದರೂ ಕಡ್ಡಾಯ ನಿರ್ದೇಶನ ಕೊಡದೆ, ಸೂಕ್ತ ನೀತಿ ರೂಪಿಸುವುದನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯ ಒಮ್ಮೆ ಈ ದಾರಿಯಲ್ಲಿ ಹೊರಟಿತ್ತು. ಚಿಕಿತ್ಸೆಯ ದರಗಳಿಗೆ ಮಿತಿ ಹಾಕಲೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು, ಹೊರರೋಗಿ ವಿಭಾಗಗಳು ಮುಚ್ಚಿ ಜನ ಪರದಾಡಿದ್ದು ನಿಮಗೂ ನೆನಪಿರಬಹುದು. ಕೊನೆಗೆ ಬಂದ ಕಾನೂನು ಮೊದಲ ಕರಡಿಗಿಂತ ಸೌಮ್ಯವಾಗಿತ್ತು.

ಇನ್ನು ನೀವು ಏನು ಮಾಡಬಹುದು ಎಂಬುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಔಷಧವನ್ನೂ ಪರೀಕ್ಷೆಯನ್ನೂ ಎಲ್ಲಿ ಪಡೆಯಬೇಕೆಂದು ಆರಿಸುವ ಹಕ್ಕು ಸೇರಿದೆ. ತುರ್ತು ಸಮಯದಲ್ಲಿ ಇದನ್ನು ಹಿಡಿದು ವಾದಕ್ಕೆ ನಿಲ್ಲಬೇಡಿ, ಔಷಧ ತಡವಾಗಬಾರದು. ರೋಗಿ ಸ್ಥಿರವಾದ ಎರಡನೆಯ ದಿನವೋ ಮೂರನೆಯ ದಿನವೋ ವೈದ್ಯರನ್ನು ಕಂಡು, 'ಇದನ್ನು ಇನ್ನೂ ಕೆಲವು ದಿನ ಕೊಡಬೇಕಾದರೆ ಮೂಲ ಔಷಧದ ಹೆಸರನ್ನು ಬರೆದುಕೊಡಿ, ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಯೊಂದಿಗೆ ಹೊರಗಿನಿಂದ ತರುತ್ತೇವೆ' ಎಂದು ವಿನಯದಿಂದ ಕೇಳಿ. ನೇರವಾಗಿ ಕೇಳಿದರೆ ಒಪ್ಪುವ ವೈದ್ಯರು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ತಂಪಾಗಿ ಇಡಬೇಕಾದ ಇಂಜೆಕ್ಷನ್‌ಗಳ ವಿಷಯದಲ್ಲಿ ಆಸ್ಪತ್ರೆ ಹೊರಗಿನದನ್ನು ನಿರಾಕರಿಸಿದರೆ ಅದಕ್ಕೆ ಕಾರಣವಿದೆ, ಅಲ್ಲಿ ಹಟ ಬೇಡ. ತಾಯಿಯವರು ಮುಂದೆ ಪ್ರತಿದಿನ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಮೂಲ ಔಷಧದ ಹೆಸರಿನಲ್ಲೇ ಮಾರುತ್ತಾರೆ.

ಈ ಬಿಲ್ಲಿನ ಬಗ್ಗೆ ಒಂದು ಕೆಲಸ ಬಾಕಿ ಇದೆ. ಮೂರನೆಯ ಪುಟದಲ್ಲಿ ಹನ್ನೊಂದು ಬಾಟಲಿ ಸಲೈನ್ ಇದೆ. ಸೋಡಿಯಂ ಕ್ಲೋರೈಡ್ ಶೇ 0.9ರ ದ್ರಾವಣ ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದರಿಂದ ಅದಕ್ಕೆ ಮಿತಿ ಬೆಲೆ ಇದೆ. ಎನ್‌ಪಿಪಿಎಯ 'ಫಾರ್ಮಾ ಸಹಿ ದಾಮ್' ಆ್ಯಪಿನಲ್ಲಿ ಆ ದಿನಾಂಕಕ್ಕೆ ಅನ್ವಯಿಸುವ ಮಿತಿಯನ್ನು ನೋಡಿ, ಮಿಲಿ ಲೀಟರಿನ ಲೆಕ್ಕದಲ್ಲಿ ಗುಣಿಸಿ, ತೆರಿಗೆ ಸೇರಿಸಿ ಹೋಲಿಸಿ. ಬಾಟಲಿಯ ಪ್ಯಾಕಿಂಗ್ ವಿಶೇಷ ಬಗೆಯದಾದರೆ ಅದಕ್ಕೆ ಪ್ರತ್ಯೇಕ ಮಿತಿ ಇರುತ್ತದೆ, ಅದನ್ನೂ ಗಮನಿಸಿ. ಮೀರಿದ್ದರೆ ಬಿಲ್ಲಿನ ಪ್ರತಿಯೊಂದಿಗೆ ಪ್ರಾಧಿಕಾರಕ್ಕೆ ದೂರು ಕೊಡಿ, 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಅಲ್ಲಿಯೂ ದಾಖಲಿಸಿ. ಹಾಗೆ ವಸೂಲಾಗುವ ಹೆಚ್ಚುವರಿ ಹಣ ಬಡ್ಡಿ ಸಹಿತ ಸರಕಾರಕ್ಕೆ ಹೋಗುತ್ತದೆಯೇ ಹೊರತು ನಿಮಗೆ ಮರಳುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಲೆಕ್ಕ ಹಾಕಿದ ಹಾಳೆಯನ್ನು ನನಗೂ ಕಳುಹಿಸಿ. ದೂರಿನ ಕರಡನ್ನು ನಾನೇ ಬರೆದುಕೊಡುತ್ತೇನೆ.